ಸ್ವಂತ ಇಚ್ಛೆಯಿಂದ ಬಿಟ್ಟವಳು

ದೊಡ್ಡಕ್ಕ ಎಂದರೆ ಲಾಂಡ್ರಿಯಲ್ಲಿ ಯಾರಿಗೂ ಬೇರೆ ಗುರುತು ಬೇಕಿರಲಿಲ್ಲ. ಆಳು ನೋಡಿದರೆ ಅಂಥ ದೊಡ್ಡವಳೇನಲ್ಲ, ಐದಡಿಗೆ ಒಂದು ಬೆರಳು ಕಡಿಮೆಯೇ. ಆದರೆ ಬಾಯಿ ದೊಡ್ಡದು. ಇಪ್ಪತ್ತೊಂದು ವರ್ಷ ಒಂದೇ ಮೇಜಿನ ಮುಂದೆ ನಿಂತವಳು ಬೇರೆ. ಐವತ್ತನಾಲ್ಕನೆಯ ವಯಸ್ಸಿಗೆ ಅವಳ ಕೆಲಸ ಹೋಯಿತು. ಹಾಗೆಂದರೆ ಇವತ್ತಿಗೂ ಅವಳಿಗೆ ಸಿಟ್ಟು ಬರುತ್ತದೆ. “ಹೋಗ್ಲಿಲ್ಲ, ನಾನೇ ಬಿಟ್ಟೆ” ಅನ್ನುತ್ತಾಳೆ. ತಂಟೆಯೆಲ್ಲ ಶುರುವಾಗಿದ್ದು ಆ ಮಾತಿನಿಂದಲೇ.

ಆ ಲಾಂಡ್ರಿಗೆ ಮೂರು ಆಸ್ಪತ್ರೆಗಳ ಬಟ್ಟೆ ಬರುತ್ತಿತ್ತು. ಒಗೆಯುವುದಕ್ಕೆ ಯಂತ್ರ, ಒಣಗಿಸುವುದಕ್ಕೆ ಯಂತ್ರ, ಮಡಿಸುವುದಕ್ಕೆ ಮಾತ್ರ ನಾಲ್ಕು ಹೆಂಗಸರು. ನಾಲ್ವರೆಂದರೆ ಎರಡು ಜೋಡಿ. ಬೆಡ್‌ಶೀಟನ್ನು ಒಬ್ಬಳೇ ಮಡಿಸಿ ನೋಡಿದವರಿಗೆ ಗೊತ್ತು, ಅದು ಒಬ್ಬರ ಮಾತು ಕೇಳುವ ಜಾತಿಯಲ್ಲ. ಆ ತುದಿಗೊಬ್ಬಳು ಈ ತುದಿಗೊಬ್ಬಳು ನಿಂತು, ತಲೆಯ ಮೇಲಕ್ಕೆತ್ತಿ ಒಮ್ಮೆ ಕೊಡವಬೇಕು, ಉದ್ದಕ್ಕೆ ಎರಡು ಮಡಿಕೆ ಹಾಕಬೇಕು, ಆಮೇಲೆ ಒಬ್ಬಳು ನಡೆದುಬಂದು ತನ್ನ ತುದಿಯನ್ನು ಇನ್ನೊಬ್ಬಳ ಕೈಗೆ ಕೊಡಬೇಕು. ಹೀಗೆ ದಿನಕ್ಕೆ ಆರೇಳುನೂರು ಸಲ. ಗಂಡ ಹೆಂಡತಿಯೂ ಅಷ್ಟು ಸಲ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ದೊಡ್ಡಕ್ಕನ ಜೋಡಿ ಗುಬ್ಬಿ. ಸಣ್ಣ ಮೈ, ಪಿಳಿಪಿಳಿ ಕಣ್ಣು, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಇನ್ನೂ ನಲವತ್ತು ದಾಟಿಲ್ಲ. ಗಂಡ ದೂರದ ಊರಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಯಾರನ್ನೋ ಕಟ್ಟಿಕೊಂಡು ಉಳಿದುಬಿಟ್ಟಿದ್ದ. ಇಲ್ಲಿ ಗುಬ್ಬಿ, ಶಾಲೆಗೆ ಹೋಗುವ ಅವಳ ಮಗಳು, ಒಂದೇ ಕೋಣೆಯ ಬಾಡಿಗೆ ಮನೆ. ಹದಿಮೂರು ವರ್ಷ ಇವರಿಬ್ಬರೂ ಒಂದೇ ಬಟ್ಟೆಯ ಎರಡು ತುದಿ ಹಿಡಿದು, ಮನೆ ಕಥೆ, ಬೀದಿ ಕಥೆ, ಟಿವಿ ಕಥೆ ಎಲ್ಲ ಮಡಿಸಿ ಮುಗಿಸಿದ್ದರು.

ಎರಡು ವರ್ಷದ ಕೆಳಗೆ ಗುಬ್ಬಿಯ ಬಲಭುಜ ಹಿಡಿದುಕೊಂಡಿತು. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ಕೈ ಎದೆಮಟ್ಟದಿಂದ ಮೇಲಕ್ಕೆ ಏಳದಾಯಿತು. ದಿನವಿಡೀ ಬಟ್ಟೆ ಎತ್ತಿ ಕೊಡವಿ ಲಾಂಡ್ರಿಯಲ್ಲಿ ಕೈ ಹೋದವರು ಇವಳೊಬ್ಬಳೇ ಅಲ್ಲ. ಆದರೆ ಕೈ ಹೋದವರನ್ನು ಮುಂದಿನ ತಿಂಗಳು ಅಲ್ಲಿ ಕಂಡವರಿರಲಿಲ್ಲ. ಆದ್ದರಿಂದ ಗುಬ್ಬಿ ಹಲ್ಲು ಕಚ್ಚಿ ನಗುತ್ತಿದ್ದಳು. ದೊಡ್ಡಕ್ಕ ಒಂದು ಉಪಾಯ ಕಂಡುಕೊಂಡಳು. ತಾನು ತನ್ನ ತುದಿಯನ್ನು ಎರಡು ಪಾಲು ಜೋರಾಗಿ ಎತ್ತಿ ಕೊಡವಿದರೆ, ಆ ಕಡೆಯ ತುದಿ ಸೊಂಟದ ಹತ್ತಿರವೇ ಇದ್ದರೂ ಬಟ್ಟೆ ಬಿಚ್ಚಿಕೊಳ್ಳುತ್ತದೆ. ನಡೆದುಬರುವ ಕೆಲಸವೂ ತನ್ನದೇ. ಇದರಿಂದ ಜೋಡಿ ಸ್ವಲ್ಪ ನಿಧಾನವಾಯಿತು. ಯಾಕೆಂದು ಅವರಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಲಾಂಡ್ರಿಯ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಬಟ್ಟೆ ಕಡಿಮೆ ಬಂದ ದಿನ ಮ್ಯಾನೇಜರ್ ಬಾಗಿಲಲ್ಲಿ ನಿಂತು “ಇವತ್ತು ಒಬ್ಬರು ಜಾಸ್ತಿ” ಅನ್ನುತ್ತಿದ್ದ. ಯಾರು ಎಂದು ಅವನು ಬಾಯಿ ಬಿಡುವ ಮೊದಲೇ ಯಾವಳಾದರೂ ಒಬ್ಬಳು ಕೈ ಎತ್ತಿ, ಏಪ್ರನ್ ಬಿಚ್ಚಿ, ಆ ದಿನದ ಕೂಲಿ ಬಿಟ್ಟು ಮನೆಗೆ ಹೊರಡುತ್ತಿದ್ದಳು. ಯಾರಿಗೆ ಆ ವಾರ ಕಷ್ಟ ಕಡಿಮೆಯೋ ಅವಳು. ಹೋಗು ಅನ್ನಿಸಿಕೊಳ್ಳಬಾರದು, ನಾವಾಗಿ ಎದ್ದು ಹೋಗಬೇಕು ಎಂಬುದು ಅವರ ಹಟ. ಈ ಹಟವನ್ನು ಹುಟ್ಟುಹಾಕಿದವಳು ದೊಡ್ಡಕ್ಕನೇ. “ಮರ್ಯಾದೆ ನಿಮ್ದು, ಲಾಭ ಅವನ್ದು” ಎಂದು ಅವಳ ಗಂಡ ಒಮ್ಮೆ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಒಂದು ದಿನ ಮಡಿಸುವುದಕ್ಕೂ ಯಂತ್ರ ಬಂತು. ಕೋಣೆಯ ಅರ್ಧ ತುಂಬುವಷ್ಟು ಉದ್ದ. ಅದಕ್ಕೆ ಬಟ್ಟೆ ಉಣಿಸಲು ಇಬ್ಬರು, ಹೊರಬಂದದ್ದನ್ನು ಜೋಡಿಸಲು ಒಬ್ಬಳು, ಒಟ್ಟು ಮೂವರು ಸಾಕು. ಯಂತ್ರ ಶುರುವಾಗುವ ದಿನ ಬೆಳಿಗ್ಗೆ ದೊಡ್ಡಕ್ಕ ಏಪ್ರನ್ ಕಟ್ಟಿಕೊಳ್ಳುತ್ತಿದ್ದಾಗ ಒಣಗಿಸುವ ಕೋಣೆಯಲ್ಲಿ ಯಾರೋ ಮೂಗು ಎಳೆಯುವುದು ಕೇಳಿಸಿತು. ನೋಡಿದರೆ ಗುಬ್ಬಿ. ಬಿಸಿ ಟವೆಲ್ಲುಗಳ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದಳು.

“ಮ್ಯಾನೇಜರ್ ಕರೆದಿದ್ರು ದೊಡ್ಡಕ್ಕ. ನೀನು ಎಲ್ಲರಿಗಿಂತ ನಿಧಾನ, ಇವತ್ತು ನಿನ್ನ ಹೆಸರೇ ಹೇಳೋದು ಅಂದ್ರು.”

“ಕೈ ವಿಷಯ ಗೊತ್ತಾಯ್ತಾ?”

“ಇಲ್ಲ. ಸೋಮಾರಿ ಅನ್ಕೊಂಡಿದಾರೆ.”

ದೊಡ್ಡಕ್ಕ ಆ ಯಂತ್ರವನ್ನು ಹಿಂದಿನ ದಿನ ಸುತ್ತಿ ಸುತ್ತಿ ನೋಡಿದ್ದಳು. ಬಟ್ಟೆ ಉಣಿಸುವ ಪಟ್ಟಿ ಸೊಂಟದ ಎತ್ತರಕ್ಕಿತ್ತು. ಅಲ್ಲಿ ನಿಂತವಳು ಭುಜ ಎತ್ತಬೇಕಾಗಿಯೇ ಇಲ್ಲ. ಇವತ್ತೊಂದು ದಿನ ಗುಬ್ಬಿ ದಾಟಿಕೊಂಡರೆ ಇನ್ನು ಎಷ್ಟೋ ವರ್ಷ ಅವಳ ಕೈಯ ಗುಟ್ಟು ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವಳಿಗೆ ಹೊಳೆಯಿತು.

“ಕಣ್ಣೊರೆಸ್ಕೊ. ಅವರು ಹೇಳಿದ್ದನ್ನ ಯಾರ ಹತ್ರಾನೂ ಬಾಯಿ ಬಿಡ್ಬೇಡ” ಅಂದಳು.

ಮ್ಯಾನೇಜರ್ ಬಂದು ಬಾಗಿಲಲ್ಲಿ ನಿಂತು, “ಒಬ್ಬರು ಜಾಸ್ತಿ ಆಗ್ತಾರೆ. ಈ ಸಲ ಒಂದು ದಿನಕ್ಕಲ್ಲ” ಅನ್ನುತ್ತಿದ್ದ ಹಾಗೆಯೇ ದೊಡ್ಡಕ್ಕ ಕೈ ಎತ್ತಿದಳು. ಮ್ಯಾನೇಜರನಿಗೆ ಆದ ಸಮಾಧಾನ ನೋಡಬೇಕಿತ್ತು. ಯಾರನ್ನೂ ತೆಗೆಯದೆ ಒಬ್ಬಳು ಕಡಿಮೆಯಾದಳು. ಎರಡು ಸಾಲಿನ ಕಾಗದ ಬರೆದು ಅವಳ ಮುಂದಿಟ್ಟ. ಓದದೆಯೇ ಸಹಿ ಹಾಕಿ ದೊಡ್ಡಕ್ಕ ಹೊರಗೆ ಬಂದಳು. ಬೀದಿಯಲ್ಲಿ ಆ ಹೊತ್ತಿನ ಬಿಸಿಲನ್ನು ಅವಳು ಕಂಡು ಬಹಳ ವರ್ಷವಾಗಿತ್ತು.

ಮನೆಯಲ್ಲಿ ಗಂಡ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡಿದವನು. ಮೂವತ್ತು ವರ್ಷದ ಬಣ್ಣದ ಧೂಳು ಅವನ ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಈಗ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಉಸಿರಿನ ಪಂಪು ಎಳೆದುಕೊಂಡರೆ ಮಹಡಿ ಹತ್ತಿ ಇಳಿಯುವಷ್ಟು ಗಾಳಿ ಸಿಗುತ್ತಿತ್ತು.

“ಸಾಕಾಗಿತ್ತು. ಬಿಟ್ಟೆ” ಅಂದಳು ದೊಡ್ಡಕ್ಕ.

ಅವನು ಅವಳ ಮುಖ ನೋಡಿದ. ಅವನಿಗೆ ಹೆಂಡತಿಯ ಸುಳ್ಳು ಗೊತ್ತಾಗದೆ ಇರುತ್ತದೆಯೇ? ಆದರೂ ಕೆದಕಲಿಲ್ಲ. “ಒಳ್ಳೇದಾಯ್ತು ಬಿಡು. ನೀನೂ ಒಂದು ಕುರ್ಚಿ ಹಾಕ್ಕೊ. ಇಬ್ಬರೂ ಕೂತು ಗೋಡೆ ನೋಡೋಣ. ನಾನೇ ಬಳಿದಿದ್ದು, ಚೆನ್ನಾಗಿದೆ” ಅಂದ.

ಕೂರುವ ಹೆಂಗಸಲ್ಲ ಅವಳು. ಮಾರನೆಯ ದಿನದಿಂದಲೇ ಕೆಲಸ ಹುಡುಕಲು ಹೊರಟಳು. ಹೋಟೆಲುಗಳು, ಶಾಲೆಗಳು, ಇನ್ನೆರಡು ಲಾಂಡ್ರಿಗಳು. ಎಲ್ಲೆಡೆ ವಯಸ್ಸು ಕೇಳುತ್ತಿದ್ದರು, ಕೇಳಿದ ಮೇಲೆ ನಗುತ್ತಿದ್ದರು, ನಕ್ಕ ಮೇಲೆ ಹೇಳಿ ಕಳಿಸುತ್ತೇವೆ ಅನ್ನುತ್ತಿದ್ದರು. ಒಂದು ಹೋಟೆಲಿನಲ್ಲಿ ಮೀಸೆ ಇನ್ನೂ ಸರಿಯಾಗಿ ಮೂಡದ ಅಧಿಕಾರಿಯೊಬ್ಬ, “ಇನ್ನು ಐದು ವರ್ಷಕ್ಕೆ ಏನಾಗಬೇಕು ಅಂತಿದೀರಿ?” ಎಂದು ಕೇಳಿದ. ದೊಡ್ಡಕ್ಕ ಸ್ವಲ್ಪ ಯೋಚಿಸಿ, “ಐವತ್ತೊಂಬತ್ತು” ಅಂದಳು. ಅಲ್ಲಿಂದಲೂ ಯಾರೂ ಹೇಳಿ ಕಳಿಸಲಿಲ್ಲ.

ನಿರುದ್ಯೋಗ ಭತ್ಯೆ ಎಂಬುದೊಂದಿದೆ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿತ್ತು. ಲಾಂಡ್ರಿಯಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಆ ಮಾತು ಎದ್ದರೆ ಎಲ್ಲರಿಗಿಂತ ಜೋರಾಗಿ ಮೂಗು ಮುರಿಯುತ್ತಿದ್ದವಳು ಇವಳೇ. “ಕೈಕಾಲು ಗಟ್ಟಿ ಇರೋರು ಹೋಗಿ ಸಾಲಲ್ಲಿ ನಿಂತು ಬಿಟ್ಟಿ ದುಡ್ಡಿಗೆ ಕೈ ಚಾಚ್ತಾರಲ್ಲ, ಗಂಟಲಲ್ಲಿ ಅನ್ನ ಹೇಗೆ ಇಳಿಯುತ್ತೋ” ಎಂದು ಹೇಳಿದ್ದು ಒಂದೆರಡು ಸಲವಲ್ಲ. ಈಗ ಅದೇ ಕಚೇರಿಯ ಮುಂದೆ ಹಾದುಹೋಗಬೇಕಾದಾಗ ಆಚೆ ಬದಿಯ ಕಾಲುದಾರಿ ಹಿಡಿಯುತ್ತಿದ್ದಳು. ಆಡಿದ ಮಾತುಗಳೆಲ್ಲ ಬಾಗಿಲಲ್ಲಿ ಕಾದು ಕೂತಿವೆ ಅನ್ನಿಸುತ್ತಿತ್ತು ಅವಳಿಗೆ.

ಕೊನೆಗೆ ಅವಳನ್ನು ಅಲ್ಲಿಗೆ ಎಳೆದೊಯ್ದದ್ದು ಗಂಡನ ಪಂಪು. ಒಂದು ತಿಂಗಳಿಗೆ ಮುಗಿಯಬೇಕಾದ್ದು ಆರು ವಾರವಾದರೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಅವಳು ಸುಮ್ಮನೆ ಬಾಗಿಲ ಮರೆಯಲ್ಲಿ ನಿಂತಳು. ಅವನು ಒಂದು ಸಲ ಎಳೆದುಕೊಂಡ. ಎರಡನೆಯ ಸಲಕ್ಕೆ ಪಂಪನ್ನು ಬಾಯಿಗೆ ಹಿಡಿದು, ಒತ್ತದೆ, ಎಳೆದುಕೊಂಡವನ ಹಾಗೆ ನಟಿಸಿ ಕೆಳಗಿಟ್ಟ. ಯಾರೂ ನೋಡುತ್ತಿಲ್ಲ ಎಂದುಕೊಂಡಾಗಲೂ ನಟಿಸುತ್ತಿದ್ದ. ಅಷ್ಟು ರೂಢಿಯಾಗಿಬಿಟ್ಟಿತ್ತು. ದೊಡ್ಡಕ್ಕ ಅವನ ಕಣ್ಣಿಗೆ ಬೀಳದೆ ಹಿಂದೆ ಸರಿದಳು. ಚಪ್ಪಲಿ ಮೆಟ್ಟಿಕೊಂಡು ನೇರ ಕಚೇರಿಗೆ ಹೋದಳು.

ಕಚೇರಿಯೇನೂ ಅವಳು ಅಂದುಕೊಂಡಂತೆ ಇರಲಿಲ್ಲ. ಸೋಮಾರಿಗಳ ಸಂತೆ ಇರುತ್ತದೆ ಎಂದುಕೊಂಡಿದ್ದಳು. ಇದ್ದವರೆಲ್ಲ ತನ್ನಂಥವರೇ. ಗೋಣಿಚೀಲ ಹೊತ್ತು ಬೆನ್ನು ಬಾಗಿದ ಒಬ್ಬ, ಕೆಮ್ಮುವ ಗಾರೆಯವನು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ದರ್ಜಿ ಹೆಂಗಸು. ಎಲ್ಲರೂ ನೆಲ ನೋಡಿಕೊಂಡು ಕೂತಿದ್ದರು. ಕೌಂಟರಿನಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಅರ್ಜಿ ಕೊಟ್ಟಳು. ಕೆಲಸ ಹೋದ ಕಾರಣ ಎಂಬಲ್ಲಿ ನಾಲ್ಕು ಚೌಕಗಳಿದ್ದವು. ತೆಗೆದುಹಾಕಿದರು, ಸಂಸ್ಥೆ ಮುಚ್ಚಿತು, ಅವಧಿ ಮುಗಿಯಿತು, ಸ್ವಂತ ಇಚ್ಛೆಯಿಂದ ಬಿಟ್ಟೆ. ದೊಡ್ಡಕ್ಕ ಕ್ಷಣವೂ ಯೋಚಿಸದೆ ನಾಲ್ಕನೆಯದಕ್ಕೆ ಗುರುತು ಹಾಕಿದಳು. ಹಾಕಿ, ತಲೆ ಎತ್ತಿ ಕೂತಳು.

ಹುಡುಗಿ ನೋಡಿ ಕನ್ನಡಕ ಮೇಲಕ್ಕೆ ತಳ್ಳಿಕೊಂಡಳು. “ಅಮ್ಮಾ, ಇಲ್ಲಿ ಗುರುತು ಹಾಕಿದ್ರೆ ಭತ್ಯೆ ಬರೋದಿಲ್ಲ. ತಾವಾಗಿ ಬಿಟ್ಟೋರಿಗೆ ಇಲ್ಲ ಅಂತ ನಿಯಮ. ಬೇರೆ ಅರ್ಜಿ ಕೊಡ್ತೀನಿ, ತಗೊಳ್ಳಿ.”

“ಬೇರೆ ಅರ್ಜೀಲಿ ಮಾತ್ರ ಏನು ಬರೀಲಿ? ನಾನೇ ಬಿಟ್ಟಿದ್ದು.”

“ಇಪ್ಪತ್ತೊಂದು ವರ್ಷ ಮಾಡಿದ ಕೆಲಸಾನ ಸುಮ್ನೆ ಯಾರಾದ್ರೂ ಬಿಡ್ತಾರಾ? ತೆಗೆದ್ರು ಅಂತ ಹಾಕಿ. ದಿನಾ ಎಷ್ಟು ಜನ ಹಾಕ್ತಾರೆ.”

“ನನ್ನನ್ನ ಯಾರೂ ತೆಗೀಲಿಲ್ಲ ಕಣಮ್ಮ. ಇಲ್ಲದ್ದನ್ನ ಬರೆದು ಸಹಿ ಹಾಕೋಕೆ ನನ್ನ ಕೈ ಬರೋಲ್ಲ.”

ಎರಡು ವಾರಕ್ಕೆ ಅರ್ಜಿ ತಳ್ಳಿಹಾಕಿದ ಕಾಗದ ಬಂತು. ಆ ಹುಡುಗಿ ಒಳ್ಳೆಯವಳು. ತನ್ನ ಕೈಯಾರೆ ಮೇಲ್ಮನವಿಯ ಅರ್ಜಿ ಬರೆದುಕೊಟ್ಟಳು. ವಿಚಾರಣೆಗೆ ಆ ದಿನ ಲಾಂಡ್ರಿಯಲ್ಲಿದ್ದವರು ಒಬ್ಬರಾದರೂ ಬಂದು, ಹೇಗೂ ಒಬ್ಬರನ್ನು ತೆಗೆಯುವುದಿತ್ತು ಎಂದು ಹೇಳಿದರೆ ಸಾಕು, ಆಗ ಸ್ವಂತ ಇಚ್ಛೆ ಎಂದಾಗುವುದಿಲ್ಲ ಎಂದು ಬಿಡಿಸಿ ಹೇಳಿದಳು. ದೊಡ್ಡಕ್ಕ ಹೂಂ ಎಂದು ತಲೆಯಾಡಿಸಿ ಮನೆಗೆ ಬಂದಳು. ಉಳಿದಿಬ್ಬರು ಕೆಲಸ ಹೋಗುವ ಭಯಕ್ಕೆ ಬಾಯಿ ಬಿಡುವವರಲ್ಲ. ಹೇಳಬಲ್ಲವಳು ಒಬ್ಬಳೇ, ಗುಬ್ಬಿ. ಅವಳು ಬಂದು ಹೇಳಬೇಕೆಂದರೆ ತನ್ನನ್ನೇ ತೆಗೆಯಲು ಹೊರಟಿದ್ದರೆಂದು ಹೇಳಬೇಕು. ಯಾಕೆ ಎಂದು ಕೇಳುತ್ತಾರೆ. ಆಮೇಲೆ ಕೈಯ ವಿಷಯ ಎಲ್ಲಿ ನಿಲ್ಲುತ್ತದೆ? ಯಾವುದನ್ನು ಮುಚ್ಚಲು ಕೈ ಎತ್ತಿದ್ದಳೋ ಅದನ್ನೇ ತೆರೆದಿಟ್ಟು ದುಡ್ಡು ತೆಗೆದುಕೊಳ್ಳುವುದೇ? ಅದಕ್ಕಿಂತ ಹಸಿವೇ ವಾಸಿ ಎಂದುಕೊಂಡಳು.

ಇನ್ನೊಂದು ಮುಳ್ಳೂ ಇತ್ತು. ಮೂರು ತಿಂಗಳಾದರೂ ಗುಬ್ಬಿ ಒಂದು ಸಲವೂ ಈ ಕಡೆ ತಲೆ ಹಾಕಿರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ದೊಡ್ಡಕ್ಕ ಬಾಗಿಲ ಕಡೆ ನೋಡುತ್ತಿದ್ದಳು. ಯಾರೂ ಇಲ್ಲವೆಂದಾಗ ಗಂಡನ ಮೇಲೆ ರೇಗುತ್ತಿದ್ದಳು.

ಭಾನುವಾರ ಅವಳ ತಮ್ಮ ಊಟಕ್ಕೆ ಬಂದ. ಸರಕು ಸಾಗಿಸುವ ವ್ಯಾನ್ ಓಡಿಸುವವನು. ಅವನಿಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯ, ಅದೂ ಹಾರ್ನ್ ಸಮೇತ. ಟಿವಿಯಲ್ಲಿ ಭತ್ಯೆ ಹೆಚ್ಚಿಸಬೇಕೋ ಕಡಿತ ಮಾಡಬೇಕೋ ಎಂದು ನಾಲ್ಕು ಜನ ಕಿತ್ತಾಡುತ್ತಿದ್ದರು. ಇವನು ಐದನೆಯವನಾಗಿ ಸೇರಿಕೊಂಡ.

“ಕಡಿತ ಅಲ್ಲ ಭಾವ, ಪೂರ್ತಿ ನಿಲ್ಲಿಸ್ಬೇಕು. ನಾನು ದಿನಾ ಹನ್ನೆರಡು ಗಂಟೆ ಸ್ಟಿಯರಿಂಗ್ ಹಿಡೀತೀನಿ. ನನ್ನ ಸಂಬಳದಲ್ಲಿ ಹಿಡ್ಕೊಂಡು ಮಲಗಿರೋರಿಗೆ ಕೊಡ್ತಾರೆ. ಕೂತಲ್ಲಿ ಸಿಕ್ಕಿದ್ರೆ ಯಾರು ತಾನೇ ಏಳ್ತಾರೆ?”

“ನಿಮ್ಮಕ್ಕನ ಸಂಬಳದಲ್ಲೂ ಇಪ್ಪತ್ತೊಂದು ವರ್ಷ ಹಿಡ್ಕೊಂಡ್ರಲ್ಲಪ್ಪ. ಅವಳು ಯಾವತ್ತು ಮಲಗಿದ್ಲು?” ಅಂದ ಗಂಡ. ನಡುವೆ ಉಸಿರಿಗಾಗಿ ನಿಂತ.

“ಅಕ್ಕಂದು ಬೇರೆ ಭಾವ.”

“ಏನು ಬೇರೆ? ಆ ಸಾಲಲ್ಲಿ ನಿಂತಿರೋ ಹೆಂಗಸರೆಲ್ಲ ಯಾರಿಗೋ ಅಕ್ಕಂದಿರೇ ಕಣೋ.”

ತಮ್ಮ ಅನ್ನ ಕಲಸುವುದನ್ನು ನಿಲ್ಲಿಸಿದ. ಉತ್ತರ ಹೊಳೆಯದಿದ್ದಾಗ ಅವನು ನೀರು ಕುಡಿಯುತ್ತಾನೆ. ಎರಡು ಲೋಟ ಕುಡಿದ. ಆಮೇಲೆ, “ಅಲ್ಲಕ್ಕ, ನಿಜ ಹೇಳು, ನೀನು ಯಾಕೆ ಬಿಟ್ಟೆ?” ಎಂದು ಕೇಳಿದ.

“ಸಾಕಾಗಿತ್ತು.”

“ಗುಬ್ಬೀನ ಕೇಳಿದ್ರೆ ಗೊತ್ತಾಗುತ್ತೆ” ಅಂದ ಗಂಡ, ತಟ್ಟೆ ನೋಡಿಕೊಂಡು.

ದೊಡ್ಡಕ್ಕ ಸೌಟನ್ನು ಪಾತ್ರೆಯಲ್ಲಿ ಬಡಿದಳು. “ಅವಳ ಹೆಸರು ಎತ್ತಬೇಡಿ ಅಂತ ಎಷ್ಟು ಸಲ ಹೇಳಲಿ? ಅವಳಿಗೂ ಇದಕ್ಕೂ ಏನೂ ಸಂಬಂಧ ಇಲ್ಲ.” ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಬಂತು. ಅಡುಗೆಮನೆಗೆ ಎದ್ದು ಹೋದಳು. ಗಂಡ ಭಾವಮೈದುನ ಇಬ್ಬರೂ ದನಿ ತಗ್ಗಿಸಿ ಏನೋ ಮಾತಾಡಿಕೊಂಡರು. ನಲ್ಲಿಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ವಿಚಾರಣೆಯ ದಿನ ತಮ್ಮನೇ ವ್ಯಾನಿನಲ್ಲಿ ಕರೆತಂದ. ಬಾಗಿಲ ಹತ್ತಿರ ಇಳಿಸಿ, “ಇಲ್ಲೇ ಒಂದು ಕೆಲಸ ಇದೆ” ಎಂದು ಹೊರಟುಹೋದ. ಮಹಡಿಯ ಮೇಲೆ ಚಿಕ್ಕ ಕೋಣೆ. ಒಂದು ಮೇಜು, ಆರು ಕುರ್ಚಿ, ಕಡತಗಳಿಂದ ಉಬ್ಬಿದ ಬೀರು. ಅಧಿಕಾರಿ ನಿವೃತ್ತಿಗೆ ಹತ್ತಿರವಾದ ಮನುಷ್ಯ, ನೆಗಡಿ ಹಿಡಿದು ಮೂಗು ಕೆಂಪಾಗಿತ್ತು. ಪಕ್ಕದಲ್ಲಿ ಕನ್ನಡಕದ ಹುಡುಗಿ ಬರೆದುಕೊಳ್ಳಲು ಕೂತಿದ್ದಳು. ಎದುರಿಗೆ ಲಾಂಡ್ರಿಯ ಮ್ಯಾನೇಜರ್, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೊಡ್ಡಕ್ಕ ಸಹಿ ಹಾಕಿದ್ದ ಕಾಗದ ಹಿಡಿದುಕೊಂಡು.

“ನಾವು ಯಾರನ್ನೂ ತೆಗೆಯೋ ಯೋಚನೇಲಿ ಇರ್ಲಿಲ್ಲ ಸಾರ್. ಯಂತ್ರ ಬಂತು, ನಿಜ. ನಾಲ್ಕು ಜನಾನೂ ಹೇಗೋ ಹೊಂದಿಸ್ಕೊಳ್ತಿದ್ವಿ. ಇವರೇ ಕೈ ಎತ್ತಿ ಬಿಡ್ತೀನಿ ಅಂದ್ರು, ಬರೆದೂ ಕೊಟ್ರು” ಅಂದ ಮ್ಯಾನೇಜರ್. ನೋಡಿ, ಎಷ್ಟು ಸಲೀಸಾಗಿ ಸುಳ್ಳು ಹೇಳಿದ ಪುಣ್ಯಾತ್ಮ. ಹುಬ್ಬು ಕೂಡ ಅಲ್ಲಾಡಲಿಲ್ಲ.

ಅಧಿಕಾರಿ ದೊಡ್ಡಕ್ಕನ ಕಡೆ ತಿರುಗಿದ. “ಹೌದೇನಮ್ಮ?”

“ಕೈ ಎತ್ತಿದ್ದು ಹೌದು ಸಾರ್.”

“ಯಾಕೆ ಎತ್ತಿದ್ರಿ?”

“ಸಾಕಾಗಿತ್ತು.”

“ಇಪ್ಪತ್ತೊಂದು ವರ್ಷ ಸಾಕಾಗದೆ ಇದ್ದದ್ದು ಒಂದು ಬೆಳಿಗ್ಗೆ ಸಾಕಾಯ್ತಾ?”

ದೊಡ್ಡಕ್ಕ ಮೇಜಿನ ಮೇಲೆ ತನ್ನ ಎರಡೂ ಕೈ ನೋಡಿಕೊಂಡು ಕೂತಳು. ಗಂಡನ ಉಸಿರು ಅವಳ ಕಿವಿಯಲ್ಲೇ ಇತ್ತು. ಒಂದು ವಾಕ್ಯ ಹೇಳಿದರೆ ಅವನ ಪಂಪಿಗೆ ದಾರಿಯಾಗುತ್ತಿತ್ತು. ಆ ಒಂದು ವಾಕ್ಯ ಗುಬ್ಬಿಯ ಮಗಳ ತಟ್ಟೆಗೆ ಕೈ ಹಾಕುತ್ತಿತ್ತು. ಅವಳು ತುಟಿ ಒತ್ತಿ ಹಿಡಿದಳು. ಹುಡುಗಿ ಪೆನ್ನು ಹಿಡಿದು ಅವಳ ಮುಖವನ್ನೇ ಬೇಡಿಕೊಳ್ಳುವ ಹಾಗೆ ನೋಡುತ್ತಿದ್ದಳು. ಅಧಿಕಾರಿ ಮೂಗು ಒರೆಸಿಕೊಂಡು, “ಸಾಕ್ಷಿ ಯಾರೂ ಇಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ” ಎಂದು ಕಡತ ಮುಚ್ಚಲು ಹೋದ.

ಆಗ ಬಾಗಿಲು ತೆರೆಯಿತು. ತಮ್ಮ. ಅವನ ಹಿಂದೆ ಗುಬ್ಬಿ, ಏಪ್ರನ್ ಸಹ ಬಿಚ್ಚದೆ ಕೆಲಸದ ನಡುವಿನಿಂದ ಎದ್ದು ಬಂದಿದ್ದಳು. ಮ್ಯಾನೇಜರನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದಳು.

“ಗುಬ್ಬಿ, ನೀನು ಹೋಗು” ಅಂದಳು ದೊಡ್ಡಕ್ಕ.

“ಸುಮ್ನಿರು ದೊಡ್ಡಕ್ಕ. ಸಾರ್, ಆ ದಿನ ನನ್ನನ್ನ ತೆಗೀಬೇಕು ಅಂತಿದ್ರು. ಬೆಳಿಗ್ಗೆ ಇವರೇ ಕರೆದು ಹೇಳಿದ್ರು, ಇವತ್ತು ನಿನ್ನ ಹೆಸರೇ ಹೇಳೋದು ಅಂತ. ನಾನು ದೊಡ್ಡಕ್ಕಂಗೆ ಹೇಳ್ದೆ. ಅವಳು ನಾನು ಹೋಗಬಾರದು ಅಂತ ಕೈ ಎತ್ತಿದ್ಲು.”

ಮ್ಯಾನೇಜರ್ ನಕ್ಕ. “ಸ್ನೇಹಿತೆಗೋಸ್ಕರ ಹೇಳ್ತಿದಾಳೆ ಸಾರ್. ಇವಳು ಇವತ್ತಿಗೂ ನಮ್ಮಲ್ಲೇ ಇದಾಳೆ, ನೆಟ್ಟಗೆ ಕೆಲಸ ಮಾಡ್ತಿದಾಳೆ. ಕೆಲಸ ಮಾಡೋಳನ್ನ ತೆಗೆಯೋಕೆ ನನಗೊಂದು ಕಾರಣ ಬೇಡ್ವಾ?”

ಗುಬ್ಬಿ ಮೇಜಿನ ಹತ್ತಿರ ಬಂದಳು. “ಕಾರಣ ಇತ್ತು. ನಾನು ನಿಧಾನ ಆಗಿದ್ದೆ. ನನ್ನ ಬಲಗೈ ಮೇಲೇಳೋಲ್ಲ ಸಾರ್. ಎರಡು ವರ್ಷ ಆಯ್ತು. ನನ್ನ ಕಡೆ ಎತ್ತೋದೂ ದೊಡ್ಡಕ್ಕನೇ ಎತ್ತುತಿದ್ಲು, ಯಾರಿಗೂ ಗೊತ್ತಾಗದ ಹಾಗೆ.”

ಮ್ಯಾನೇಜರನ ನಗು ನಿಂತು, ಅವನು ಗುಬ್ಬಿಯ ಭುಜವನ್ನು ಮೊದಲ ಸಲ ಕಾಣುತ್ತಿರುವವನಂತೆ ನೋಡಿದ. ಆ ನೋಟ ಕಂಡು ದೊಡ್ಡಕ್ಕ ಎದ್ದು ನಿಂತಳು. ಅರ್ಜಿಯಲ್ಲಿ ತನಗೋಸ್ಕರ ಒಂದು ಸುಳ್ಳು ಗುರುತು ಹಾಕಲು ಕೈ ಬಾರದವಳು, ಅಧಿಕಾರಿಯ ಮುಖಕ್ಕೆ ಮುಖ ಕೊಟ್ಟು ಹೇಳಿದಳು:

“ಅವಳು ಹೇಳೋದು ಸುಳ್ಳು ಸಾರ್. ಅವಳ ಕೈ ಚೆನ್ನಾಗಿದೆ. ನನಗೆ ಭತ್ಯೆ ಸಿಗಲಿ ಅಂತ ಕಥೆ ಕಟ್ತಿದಾಳೆ. ನಂಬಬೇಡಿ.”

“ದೊಡ್ಡಕ್ಕ” ಅಂದಳು ಗುಬ್ಬಿ.

“ನೀನು ಬಾಯಿ ಮುಚ್ಚು. ನನಗೆ ಭತ್ಯೆ ಬೇಡ ಸಾರ್, ಅರ್ಜಿ ವಾಪಸ್ ತಗೊಳ್ತೀನಿ. ಅವಳ ಕೈಗೆ ಏನೂ ಆಗಿಲ್ಲ.”

ಅಧಿಕಾರಿ ಇಬ್ಬರನ್ನೂ ನೋಡಿದ. ಆಮೇಲೆ ಗುಬ್ಬಿಗೆ ಮೆಲ್ಲಗೆ, “ಬಲಗೈ ಮೇಲಕ್ಕೆ ಎತ್ತಮ್ಮ, ಎಷ್ಟಾಗುತ್ತೋ ಅಷ್ಟು” ಅಂದ.

ಗುಬ್ಬಿ ಎತ್ತಿದಳು. ಕೈ ಸೊಂಟ ದಾಟಿತು, ಎದೆಯ ಹತ್ತಿರ ಬಂತು, ಅಲ್ಲಿ ನಿಂತಿತು. ಇನ್ನೂ ಎತ್ತಲು ಹೋದಾಗ ಅವಳ ಮುಖ ಕಿವುಚಿಕೊಂಡಿತು. ದೊಡ್ಡಕ್ಕನಿಗೆ ತಾನು ಎಲ್ಲಿದ್ದೇನೆ, ಏನು ಹೇಳಿದ್ದೆ ಯಾವುದೂ ನೆನಪಾಗಲಿಲ್ಲ. ಮೇಜು ಸುತ್ತಿ ಬಂದು ಗುಬ್ಬಿಯ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟು, “ಸಾಕು, ಸಾಕು, ಇಳಿಸು. ಎಷ್ಟು ಸಲ ಹೇಳಿದೀನಿ, ಹಟ ಮಾಡಿ ಎತ್ತಬೇಡ ಅಂತ” ಅಂದಳು.

ಅಂದ ಮೇಲೆ ಅವಳಿಗೆ ತಾನು ಏನಂದೆನೆಂದು ತಿಳಿಯಿತು. ಕನ್ನಡಕದ ಹುಡುಗಿ ಕನ್ನಡಕ ತೆಗೆದು ಒರೆಸತೊಡಗಿದಳು. ಬಾಗಿಲ ಹತ್ತಿರ ನಿಂತಿದ್ದ ತಮ್ಮ ಗೋಡೆಯ ಕಡೆ ತಿರುಗಿಕೊಂಡ.

“ನಿಮಗೆ ಸುಳ್ಳು ಹೇಳೋದು ರೂಢಿ ಇಲ್ಲಮ್ಮ. ಕೂತ್ಕೊಳ್ಳಿ” ಅಂದ ಅಧಿಕಾರಿ. ಆಮೇಲೆ ಬರೆಸಿದ. ಒಬ್ಬರನ್ನು ತೆಗೆಯುವುದು ನಿಶ್ಚಯವಾಗಿತ್ತು, ಅರ್ಜಿದಾರಳು ಮತ್ತೊಬ್ಬಳ ಬದಲಿಗೆ ಹೋದಳು, ಆದ್ದರಿಂದ ಇದು ಸ್ವಂತ ಇಚ್ಛೆಯಲ್ಲ, ಭತ್ಯೆ ಕೊಡತಕ್ಕದ್ದು. ಬರೆಸಿ ಮುಗಿಸಿ ಮ್ಯಾನೇಜರನ ಕಡೆ ನೋಡಿದ. “ಈಯಮ್ಮ ಇವತ್ತು ನನ್ನ ಮುಂದೆ ಸಾಕ್ಷಿ ಹೇಳಿದಾರೆ. ಇದರಿಂದ ಅವರ ಕೆಲಸಕ್ಕೇನಾದ್ರೂ ಆಯ್ತು ಅಂದ್ರೆ ನೀವು ಮತ್ತೆ ಇದೇ ಕುರ್ಚೀಲಿ ಕೂರ್ತೀರಿ. ಆ ಭುಜ ಯಾರ ಕೆಲಸ ಮಾಡಿ ಹಾಳಾಯ್ತು ಅನ್ನೋದು ಇನ್ನೊಂದು ಅರ್ಜಿ. ಅದನ್ನೂ ಬರೆಸ್ತೀನಿ” ಅಂದ. ಮ್ಯಾನೇಜರ್ ಮುಖ ಹುಳ್ಳಗೆ ಮಾಡಿಕೊಂಡು ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. ನಾಳೆ ಏನಾಗುತ್ತದೋ ಯಾರು ಬಲ್ಲರು. ಆ ಮಾತು ಗುಬ್ಬಿಯನ್ನು ಎಷ್ಟು ದಿನ ಕಾಯುತ್ತದೆ ಎಂದು ಅಧಿಕಾರಿಗೂ ಗೊತ್ತಿರಲಿಲ್ಲ.

ದೊಡ್ಡಕ್ಕ, ಗುಬ್ಬಿ ಇಬ್ಬರೂ ಮೆಟ್ಟಿಲಿಳಿಯುತ್ತಿದ್ದರು. ಅರ್ಧ ಇಳಿದ ಮೇಲೆ ದೊಡ್ಡಕ್ಕ ನಿಂತು ಬೈಯತೊಡಗಿದಳು.

“ಯಾರು ಬರಹೇಳಿದ್ರು ನಿನಗೆ? ತಲೆ ನೆಟ್ಟಗಿದೆಯಾ? ಮಗಳ ಮುಖ ನೋಡ್ಬೇಡ್ವಾ? ಅವನು ನಾಳೆ ಏನಾದ್ರೂ ನೆಪ ತೆಗೆದ್ರೆ?”

“ತೆಗೆದ್ರೆ ತೆಗೀಲಿ. ನಿನ್ನ ತಮ್ಮ ಬಂದು ಹೇಳ್ದ, ಭಾವ ಪಂಪನ್ನ ಅರ್ಧಕ್ಕರ್ಧ ಮಾಡ್ಕೊಂಡಿದಾರೆ ಅಂತ. ಅದಾದ ಮೇಲೂ ಅಲ್ಲಿ ನಿಂತು ಬಟ್ಟೆ ಉಣಿಸ್ತಾ ಇರೋಕೆ ನಾನೇನು ಕಲ್ಲಾ?”

“ಮೂರು ತಿಂಗಳು ಕಲ್ಲಿನ ಹಾಗೇ ಇದ್ಯಲ್ಲ. ಒಂದು ದಿನ ಬಂದ್ಯಾ? ಸತ್ಲಾ ಇದ್ಲಾ ಅಂತ ಕೇಳಿದ್ಯಾ?” ಭತ್ಯೆ ಸಿಕ್ಕಿದ್ದಕ್ಕಿಂತ ಈ ಮಾತು ಹೊರಬಿದ್ದದ್ದೇ ದೊಡ್ಡಕ್ಕನ ಎದೆಯ ಭಾರ ಇಳಿಸಿತು.

ಗುಬ್ಬಿ ತಲೆ ತಗ್ಗಿಸಿದಳು. “ಬಂದಿದೀನಿ. ಎಷ್ಟೋ ಸಲ ನಿನ್ನ ಬೀದಿ ಮೂಲೆವರೆಗೂ ಬಂದಿದೀನಿ. ಅಲ್ಲಿಂದ ಮುಂದೆ ಕಾಲು ಬರ್ತಿರ್ಲಿಲ್ಲ. ನಿನ್ನ ಅನ್ನ ನಾನು ತಿಂತಾ ಇದೀನಿ, ಯಾವ ಮುಖ ಇಟ್ಕೊಂಡು ಬಾಗಿಲು ತಟ್ಟಲಿ?”

ತಗ್ಗಿದ ಆ ತಲೆಯನ್ನು ದೊಡ್ಡಕ್ಕ ಆಗ ನೋಡಿದಳು. ಕೂದಲು ಒಂದು ಕಡೆ ಗಂಟುಗಂಟಾಗಿ, ಬಾಚಣಿಗೆ ತಾಗದೆ ಸಿಕ್ಕಾಗಿತ್ತು. ಇನ್ನೊಂದು ಕಡೆ ಹೇಗೋ ಎಳೆದು ಕಿವಿಯ ಕೆಳಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದಳು.

“ಇದೇನೇ ಇದು?”

“ಎಡಗೈಲಿ ಇಷ್ಟೇ ಆಗೋದು. ಮಗಳಿಗೆ ಬೆಳಿಗ್ಗೆ ಶಾಲೆ ಗಡಿಬಿಡಿ, ಅವಳನ್ನ ಕೇಳೋಕೆ ಮನಸ್ಸು ಬರೋಲ್ಲ.”

“ಕೂತ್ಕೊ.”

“ಇಲ್ಲೇ? ಜನ ಓಡಾಡ್ತಾರೆ.”

“ಓಡಾಡ್ಲಿ. ಕೂತ್ಕೊ ಅಂದೆ.”

ಗುಬ್ಬಿ ಮೆಟ್ಟಿಲ ಮೇಲೆ ಕೂತಳು. ಅವಳ ಹಿಂದಿನ ಮೆಟ್ಟಿಲಲ್ಲಿ ದೊಡ್ಡಕ್ಕ ಕೂತು, ಚೀಲದಿಂದ ಬಾಚಣಿಗೆ ತೆಗೆದು, ರಬ್ಬರ್ ಬ್ಯಾಂಡ್ ಬಿಚ್ಚಿ, ಸಿಕ್ಕನ್ನು ತುದಿಯಿಂದ ಒಂದೊಂದಾಗಿ ಬಿಡಿಸತೊಡಗಿದಳು. ಅರ್ಜಿ ಹಿಡಿದವರು ಮೇಲೆ ಹತ್ತುತ್ತಿದ್ದರು, ಕೆಳಗೆ ಇಳಿಯುತ್ತಿದ್ದರು, ಇವರಿಗೆ ತಾಗದಂತೆ ಗೋಡೆಗೆ ಸರಿದು ಹೋಗುತ್ತಿದ್ದರು. ಹೊರಗೆ ತಮ್ಮ ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದ. ಗುಬ್ಬಿಯ ಭುಜಗಳು ಅಲುಗಾಡಿದವು. ಅಳುತ್ತಿದ್ದಾಳೆಂದು ದೊಡ್ಡಕ್ಕನಿಗೆ ಗೊತ್ತಾಯಿತು. ತಲೆ ಅಲ್ಲಾಡದಂತೆ ಒಂದು ಕೈಯಲ್ಲಿ ಹಿಡಿದುಕೊಂಡಳು.

“ನಾಳೆಯಿಂದ ಕೆಲಸಕ್ಕೆ ಹೋಗೋಕೆ ಮುಂಚೆ ನಮ್ಮನೆಗೆ ಬಾ, ಬಾಚಿ ಕಳಿಸ್ತೀನಿ. ನನಗೇನು ಈಗ, ಭತ್ಯೆ ತಿನ್ನೋಳು. ಕೂತಿರ್ತೀನಿ.”